ಮೇಲಿನ ತರಗತಿಗೆ ಮಗುವಿನ ಜೊತೆ ಏನು ಹೋಗುತ್ತದೆ? ಪ್ರಾಥಮಿಕ ಶಾಲೆಯವರಿಗೆ ಒಂದು ಬಹಿರಂಗ ಪತ್ರ

ಪ್ರಾಥಮಿಕ ಶಾಲೆಗಳ ಮುಖ್ಯೋಪಾಧ್ಯಾಯರಿಗೆ ಮತ್ತು ತರಗತಿ ಶಿಕ್ಷಕರಿಗೆ,

ಮಾನ್ಯರೇ, ನಮಸ್ಕಾರ.

ನಾನು ಇಬ್ಬರು ಮಕ್ಕಳ ತಾಯಿ. ದೊಡ್ಡವಳು ಈ ವರ್ಷ ಐದನೇ ತರಗತಿ ಮುಗಿಸುತ್ತಾಳೆ. ಚಿಕ್ಕವನು ಎರಡು ಮುಗಿಸಿ ಮೂರಕ್ಕೆ ಹೋಗುತ್ತಾನೆ. ಅಂದರೆ ಐದು ವರ್ಷದಿಂದ ನಾನು ಶಾಲೆಯ ಗೇಟಿನ ಹೊರಗೆ ನಿಲ್ಲುತ್ತಾ ಬಂದಿದ್ದೇನೆ. ಇದು ಯಾವುದೋ ಒಂದು ಶಾಲೆಯ ಮೇಲಿನ ದೂರಲ್ಲ. ಬೇರೆ ಬೇರೆ ಶಾಲೆಗೆ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರ ಹತ್ತಿರ ಮಾತಾಡಿದಾಗಲೆಲ್ಲ ನನ್ನ ಮನೆಯ ಕಥೆಯೇ ಎದುರಿಗೆ ಬಂದು ನಿಂತಿದೆ. ಅದಕ್ಕೇ ನಿಮ್ಮೆಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಇಬ್ಬರನ್ನು ಎಬ್ಬಿಸಿ, ಶೂ ಹಾಕಿಸಿ, ಹೊರಡಿಸುವಷ್ಟರಲ್ಲೇ ನನ್ನ ಗಂಟಲು ಹೋಗಿರುತ್ತದೆ. ನೀವು ನಲವತ್ತು ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಿಕೊಂಡು ಅ ಆ ಇ ಈ ಕಲಿಸುತ್ತೀರಿ. ನನಗಂತೂ ಆಗದು. ಆದರೂ ಒಂದು ಮಾತು ಕೇಳಬೇಕಿದೆ.

ದೊಡ್ಡವಳನ್ನು ಒಂದನೇ ತರಗತಿಗೆ ಸೇರಿಸುವಾಗ ನಾಲ್ಕು ಪುಟದ ಫಾರ್ಮ್ ತುಂಬಿದೆವು. ಅಪ್ಪನ ಓದು, ಅಮ್ಮನ ಓದು, ಕೆಲಸ, ಸಂಬಳ, ಮಗುವಿನ ರಕ್ತದ ಗುಂಪು, ಫೋಟೊ. ಮಗುವಿಗೆ ಯಾವುದು ಕಂಡರೆ ಭಯ ಅಂತ ಎಲ್ಲೂ ಕೇಳಿರಲಿಲ್ಲ. ಅತ್ತರೆ ಹೇಗೆ ಸಮಾಧಾನವಾಗುತ್ತಾಳೆ ಅಂತ ಕೇಳಿರಲಿಲ್ಲ. ಮೂತ್ರ ಬಂದರೆ ಮನೆಯಲ್ಲಿ ಏನಂತ ಹೇಳುತ್ತಾಳೆ ಅಂತಲೂ ಕೇಳಿರಲಿಲ್ಲ. ಈ ಕೊನೆಯದನ್ನು ಓದಿ ನಿಮಗೆ ನಗು ಬರಬಹುದು. ನಮ್ಮನ್ನು ಅಳಿಸಿದ್ದು ಅದೇ.

ಮೊದಲ ದಿನ ಅವಳು ನನ್ನ ಕೈ ಬಿಡಲಿಲ್ಲ. ಬಾಗಿಲ ಹತ್ತಿರ ನಿಂತಿದ್ದವರು ಮೆಲ್ಲಗೆ, 'ಅವಳು ಆ ಕಡೆ ನೋಡುವಾಗ ಹೊರಟುಬಿಡಿ, ಆಮೇಲೆ ಸರಿಹೋಗ್ತಾಳೆ' ಅಂದರು. ನಾನು ಹಾಗೇ ಮಾಡಿದೆ. ಅವಳು ಗೋಡೆಯ ಮೇಲಿನ ಚಿತ್ರ ನೋಡುತ್ತಿದ್ದಾಗ ಕಳ್ಳಿಯಂತೆ ಹೊರಗೆ ಬಂದೆ. ಕಾರಿಡಾರಿನ ತುದಿ ಮುಟ್ಟುವ ಮೊದಲೇ ಅವಳ ಕೂಗು ಕೇಳಿಸಿತು. ತಿರುಗಿ ನೋಡಲಿಲ್ಲ. ಅದಾದ ಮೇಲೆ ಎರಡು ತಿಂಗಳು ನಾನು ಸ್ನಾನಕ್ಕೆ ಹೋದರೂ ಬಾಗಿಲಿಗೆ ಒರಗಿ ಕೂತಿರುತ್ತಿದ್ದಳು. ಯಾಕೆ ಅಂದರೆ 'ನೀನು ಹೋಗ್ಬಿಡ್ತೀಯ' ಅನ್ನುತ್ತಿದ್ದಳು. ಹೇಳಿ ಹೋದರೆ ಮಗು ಹತ್ತು ನಿಮಿಷ ಅಳುತ್ತದೆ. ಹೇಳದೆ ಹೋದರೆ ಅಮ್ಮ ಯಾವ ಗಳಿಗೆಯಲ್ಲಾದರೂ ಮಾಯವಾಗಬಹುದು ಅಂತ ಕಲಿಯುತ್ತದೆ. ಶಾಲೆಯಲ್ಲಿ ಅವಳು ಕಲಿತ ಮೊದಲ ಪಾಠ ಇದು. ಇದರಲ್ಲಿ ನನ್ನ ಪಾಲೂ ಇದೆ, ಇಲ್ಲ ಅನ್ನಲ್ಲ. ಆದರೆ ನನಗೆ ಅದು ಮೊದಲ ಮಗು, ಮೊದಲ ದಿನ. ಬಾಗಿಲಲ್ಲಿ ನಿಂತವರು ಎಷ್ಟು ಮಕ್ಕಳನ್ನು ನೋಡಿರಲಿಲ್ಲ?

ಆಮೇಲೆ ನೀರಿನ ಬಾಟಲಿಯ ವಿಷಯ. ಬೆಳಿಗ್ಗೆ ತುಂಬಿಸಿ ಕೊಟ್ಟದ್ದು ಸಂಜೆ ಹಾಗೇ ವಾಪಸ್ಸು ಬರುತ್ತಿತ್ತು. ಮರೆತಿರಬೇಕು ಅಂತ ಗದರಿದೆ. ಮೂರನೇ ವಾರ ಜ್ವರ ಬಂತು. ಮೂತ್ರದ ಸೋಂಕು ಅಂದರು ವೈದ್ಯರು. 'ಇಡೀ ದಿನ ತಡೆದುಕೊಳ್ತಿದ್ದಾಳಾ ಕೇಳಿ' ಅಂದರು. ಕೇಳಿದೆ. ತಡೆದುಕೊಳ್ಳುತ್ತಿದ್ದಳು. ನಮ್ಮ ಮನೆಯಲ್ಲಿ ಅದಕ್ಕೆ ನಮ್ಮದೇ ಒಂದು ಮಾತಿದೆ. ಎಲ್ಲರ ಮನೆಯಲ್ಲೂ ಇರುತ್ತದೆ ಅಲ್ವಾ? ಮೊದಲ ವಾರ ಅವಳು ಅದೇ ಮಾತಿನಲ್ಲಿ ಕೇಳಿದ್ದಾಳೆ. ಟೀಚರಿಗೆ ಅರ್ಥವಾಗಿಲ್ಲ. ಮಕ್ಕಳು ನಕ್ಕಿದ್ದಾರೆ. ಆವತ್ತಿನಿಂದ ಅವಳು ಕೇಳುವುದನ್ನೇ ಬಿಟ್ಟಳು. ನೀರು ಕುಡಿದರೆ ಮತ್ತೆ ಕೇಳಬೇಕಾಗುತ್ತದೆ ಅಂತ ನೀರನ್ನೂ ಬಿಟ್ಟಳು. ಆರು ವರ್ಷದ ತಲೆ ಅಷ್ಟೆಲ್ಲ ಲೆಕ್ಕ ಹಾಕಿತ್ತು. ಕೂಡುವ ಲೆಕ್ಕ ಇನ್ನೂ ಬರುತ್ತಿರಲಿಲ್ಲ.

ಟೀಚರ್ ಕೆಟ್ಟವರಾಗಿರಲಿಲ್ಲ. ವಿಷಯ ಗೊತ್ತಾದ ದಿನವೇ ಅವರು ಅವಳ ಜೊತೆ ಒಂದು ಸಂಜ್ಞೆ ಮಾಡಿಕೊಂಡರು. ಎರಡು ಬೆರಳು ಕೆನ್ನೆ ಮೇಲೆ ಇಟ್ಟರೆ ಸಾಕು, ಬಾಯಿ ಬಿಟ್ಟು ಕೇಳುವುದೇ ಬೇಡ. ಬಾಟಲಿ ಖಾಲಿಯಾಗಿ ಬರತೊಡಗಿತು. ಸರಿಮಾಡಲು ಬೇಕಾದದ್ದು ಅಷ್ಟೇ, ಒಂದು ನಿಮಿಷದ ಕೆಲಸ. ಗೊತ್ತಾಗಲು ಮಾತ್ರ ಒಂದು ಜ್ವರ ಬೇಕಾಯಿತು. ಆ ಟೀಚರನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಆ ವರ್ಷ ಮುಗಿಯುವಷ್ಟರಲ್ಲಿ ಅವಳು ನಿಂತು ಪದ್ಯ ಹೇಳುತ್ತಿದ್ದಳು. ಎರಡನೇ ತರಗತಿಯ ಮೊದಲ ದಿನ ಹೊಸ ಟೀಚರ್ ಅವಳನ್ನು ನೋಡಿ, ನನ್ನ ಎದುರಿಗೇ, 'ಓ, ಯಾವಾಗ್ಲೂ ಅಳ್ತಿದ್ದ ಹುಡುಗಿ ಇವಳೇನಾ?' ಅಂದರು. ನಗುತ್ತಲೇ ಅಂದರು. ಅವಳ ಅಳು ನಿಂತು ಏಳು ತಿಂಗಳಾಗಿತ್ತು. ಆ ಸುದ್ದಿ ಮೇಲಿನ ತರಗತಿಗೆ ತಲುಪಿರಲಿಲ್ಲ. ಎರಡು ಬೆರಳಿನ ಸಂಜ್ಞೆಯೂ ತಲುಪಿರಲಿಲ್ಲ. ಅಳುಬುರುಕಿ ಅನ್ನುವುದು ಮಾತ್ರ ಮೆಟ್ಟಿಲು ಹತ್ತಿ ಅವಳಿಗಿಂತ ಮೊದಲೇ ಹೋಗಿ ಕೂತಿತ್ತು.

ನನ್ನ ಮುಖ್ಯ ದೂರು ಇದೇ. ಮಗು ಒಂದು ತರಗತಿಯಿಂದ ಇನ್ನೊಂದಕ್ಕೆ ಹೋಗುವಾಗ ಅದರ ಜೊತೆ ಹೋಗುವುದು ಎರಡೇ. ಒಂದು ಅಂಕ, ಇನ್ನೊಂದು ಅಡ್ಡಹೆಸರು. ವರ್ಷಪೂರ್ತಿ ಒಬ್ಬ ಟೀಚರ್ ಆ ಮಗುವಿನ ಬಗ್ಗೆ ಕಷ್ಟಪಟ್ಟು ತಿಳಿದುಕೊಂಡದ್ದೆಲ್ಲ ರಜೆಯಲ್ಲಿ ಆವಿಯಾಗಿ ಹೋಗುತ್ತದೆ.

ಇದರ ಬೆಲೆ ಎಷ್ಟು ಅಂತ ಚಿಕ್ಕವನ ವಿಷಯದಲ್ಲಿ ಗೊತ್ತಾಯಿತು.

ಅವನ ಒಂದನೇ ತರಗತಿ ಸಲೀಸಾಗಿ ಹೋಯಿತು. ಎರಡಕ್ಕೆ ಹೋದ ಮೇಲೆ ದೂರುಗಳು ಶುರುವಾದವು. 'ಗಮನ ಇಲ್ಲ.' 'ಹೇಳಿದ್ದು ಕೇಳುವುದಿಲ್ಲ.' 'ಕರೆದರೆ ತಿರುಗುವುದಿಲ್ಲ, ಬಹಳ ಮೊಂಡು.' ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬಂತು. ರಿಪೋರ್ಟ್ ಕಾರ್ಡಿನಲ್ಲಿ ಬಂತು. ಮೀಟಿಂಗಿನಲ್ಲೂ ಬಂತು, ಅವನು ನನ್ನ ಪಕ್ಕದಲ್ಲೇ ನಿಂತಿದ್ದಾಗ. ನಾವೂ ಮನೆಯಲ್ಲಿ ಬೈದೆವು. ಟಿವಿ ಬಂದ್ ಮಾಡಿದೆವು. ಆಟ ಬಂದ್ ಮಾಡಿದೆವು. ಅವರಪ್ಪ ಒಂದು ದಿನ ಒಂದೇಟು ಹೊಡೆದೂಬಿಟ್ಟರು. ಅವನು ಅಳಲಿಲ್ಲ, ಸುಮ್ನೆ ನಮ್ಮ ಮುಖ ನೋಡುತ್ತಾ ನಿಂತಿದ್ದ.

ವರ್ಷದ ಮಧ್ಯದಲ್ಲಿ ಶಾಲೆಯ ಮೆಟ್ಟಿಲ ಮೇಲೆ ಅವನ ಒಂದನೇ ತರಗತಿಯ ಟೀಚರ್ ಸಿಕ್ಕರು. ಹೇಗಿದ್ದಾನೆ ಅಂದರು. ನಾನು ದೂರುಗಳ ಪಟ್ಟಿ ಬಿಚ್ಚಿದೆ. ಅವರು ಆಶ್ಚರ್ಯದಿಂದ, 'ಅವನನ್ನ ಹಿಂದೆ ಕೂರಿಸಿದ್ದಾರಾ? ನಾನು ಮೊದಲ ಬೆಂಚಲ್ಲೇ ಕೂರಿಸ್ತಿದ್ದೆ. ನನ್ನ ಮುಖ ಕಂಡರೆ ಎಲ್ಲಾ ಮಾಡ್ತಿದ್ದ. ತಿರುಗಿ ಬೋರ್ಡ್ ಮೇಲೆ ಬರೀತಾ ಹೇಳಿದ್ರೆ ಅವನಿಗೆ ಗೊತ್ತಾಗ್ತಿರಲಿಲ್ಲ' ಅಂದರು.

ನಾನು ಅಲ್ಲೇ ನಿಂತುಬಿಟ್ಟೆ.

ಆ ವಾರವೇ ಕಿವಿಯ ವೈದ್ಯರ ಹತ್ತಿರ ಹೋದೆವು. ಎರಡೂ ಕಿವಿಯ ತಮಟೆಯ ಹಿಂದೆ ದ್ರವ ತುಂಬಿಕೊಂಡಿತ್ತು. ಚಿಕ್ಕ ಮಕ್ಕಳಲ್ಲಿ ಇದು ತುಂಬಾ ಸಾಮಾನ್ಯವಂತೆ, ಅದರಲ್ಲೂ ಪದೇ ಪದೇ ನೆಗಡಿಯಾಗುವವರಲ್ಲಿ. ನೋವು ಇರಲೇಬೇಕು ಅಂತಿಲ್ಲ. ಹಾಗಾಗಿ ಮಗು ಹೇಳುವುದಿಲ್ಲ. ಕೇಳಿಸುವುದು ಒಂದು ದಿನ ಚೆನ್ನಾಗಿರುತ್ತದೆ, ಇನ್ನೊಂದು ದಿನ ನೀರೊಳಗೆ ಮುಳುಗಿ ಕೇಳಿದ ಹಾಗೆ. ಅದಕ್ಕೇ ನೋಡುವವರಿಗೆ 'ಬೇಕಾದಾಗ ಮಾತ್ರ ಕೇಳಿಸುತ್ತೆ ಇವನಿಗೆ' ಅನ್ನಿಸುವುದು. ಎಷ್ಟೋ ಮಕ್ಕಳಲ್ಲಿ ಕೆಲವು ತಿಂಗಳಲ್ಲಿ ತಾನಾಗಿ ಹೋಗುತ್ತದೆ. ಹೋಗದಿದ್ದರೆ ಚಿಕಿತ್ಸೆ ಇದೆ. ಅಲ್ಲಿಯವರೆಗೆ ಮುಂದೆ ಕೂರಿಸಿ, ಮುಖ ನೋಡಿ ಮಾತಾಡಿ ಅಂದರು ವೈದ್ಯರು. ಒಂದನೇ ತರಗತಿಯ ಟೀಚರ್ ಯಾರೂ ಹೇಳದೆಯೇ ಮಾಡಿದ್ದು ಅದನ್ನೇ. ಎರಡನೇ ತರಗತಿಯಲ್ಲಿ, ಉದ್ದ ಇದ್ದಾನೆ ಅಂತ, ಕೊನೆಯ ಬೆಂಚಿಗೆ ಹೋದ.

ಯೋಚಿಸಿ ನೋಡಿ. ಕೆಳಗಿನ ತರಗತಿಯ ಟೀಚರಿಗೆ ಅರ್ಧ ಗೊತ್ತಿತ್ತು. ಮೇಲಿನ ತರಗತಿಯ ಟೀಚರಿಗೆ ಇನ್ನರ್ಧ ಕಾಣುತ್ತಿತ್ತು. ಟಿವಿ ಜೋರಾಗಿ ಇಟ್ಟುಕೊಳ್ಳುತ್ತಾನೆ ಅಂತ ನಮಗೆ ಗೊತ್ತಿತ್ತು. ಮೂರೂ ಒಂದು ಕಡೆ ಸೇರಿದ್ದರೆ ವಿಷಯ ಮೊದಲ ತಿಂಗಳಲ್ಲೇ ಬಯಲಾಗುತ್ತಿತ್ತು. ಇಬ್ಬರು ಟೀಚರ್‌ಗಳ ಕೋಣೆಗಳ ಮಧ್ಯೆ ಇದ್ದದ್ದು ಹದಿನೆಂಟು ಮೆಟ್ಟಿಲು. ಆಮೇಲೆ ಒಂದು ದಿನ ಸಿಟ್ಟಿನಲ್ಲಿ ಎಣಿಸಿದ್ದೇನೆ.

ಅಡ್ಡಹೆಸರಿನ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಅಮೆರಿಕದಲ್ಲಿ 1960ರ ದಶಕದಲ್ಲಿ ರಾಬರ್ಟ್ ರೋಸೆಂಥಾಲ್ ಅನ್ನುವ ಮನಶ್ಶಾಸ್ತ್ರಜ್ಞರು ಲೆನೋರ್ ಜೇಕಬ್ಸನ್ ಅನ್ನುವ ಶಾಲಾ ಮುಖ್ಯಸ್ಥೆಯ ಜೊತೆ ಸೇರಿ ಒಂದು ಪ್ರಯೋಗ ಮಾಡಿದರು. ಕೆಲವು ಮಕ್ಕಳ ಹೆಸರು ಕೊಟ್ಟು, ಈ ವರ್ಷ ಇವರು ಚೆನ್ನಾಗಿ ಅರಳುತ್ತಾರೆ ಅಂತ ಟೀಚರ್‌ಗಳಿಗೆ ಹೇಳಿದರು. ಆ ಹೆಸರುಗಳನ್ನು ಆರಿಸಿದ್ದು ಸುಮ್ನೆ ಚೀಟಿ ಎತ್ತಿದ ಹಾಗೆ. ವರ್ಷದ ಕೊನೆಗೆ ಒಂದನೇ ಮತ್ತು ಎರಡನೇ ತರಗತಿಯ ಅಂಥ ಮಕ್ಕಳು ಪರೀಕ್ಷೆಯಲ್ಲಿ ಉಳಿದವರಿಗಿಂತ ಮುಂದೆ ಬಂದಿದ್ದರು. ಆ ಪ್ರಯೋಗದ ಬಗ್ಗೆ ಆಮೇಲೆ ತಕರಾರುಗಳೂ ಬಂದಿವೆ, ಪರಿಣಾಮ ಅಷ್ಟು ದೊಡ್ಡದಲ್ಲ ಅನ್ನುವವರಿದ್ದಾರೆ. ಇರಲಿ. ಮೊಂಡ ಅಂತ ಇಡೀ ವರ್ಷ ಕರೆಸಿಕೊಂಡ ಮಗು ವರ್ಷದ ಕೊನೆಗೆ ಸ್ವಲ್ಪ ಮೊಂಡನೇ ಆಗಿರುತ್ತದೆ ಅನ್ನುವುದಕ್ಕೆ ನನ್ನ ಮನೆಯಲ್ಲೇ ಸಾಕ್ಷಿ ಇದೆ.

ಇನ್ನು ವಯಸ್ಸು. ಒಂದೇ ತರಗತಿಯಲ್ಲಿ ಅತಿ ದೊಡ್ಡ ಮಗುವಿಗೂ ಅತಿ ಚಿಕ್ಕ ಮಗುವಿಗೂ ಹತ್ತಿರ ಹತ್ತಿರ ಒಂದು ವರ್ಷದ ಅಂತರ ಇರಬಹುದು. ನಮ್ಮ ವಯಸ್ಸಿನಲ್ಲಿ ಒಂದು ವರ್ಷ ಏನೂ ಅಲ್ಲ. ಆರು ವರ್ಷದ ಮಗುವಿಗೆ ಅದು ಇಡೀ ಬದುಕಿನ ಆರನೇ ಒಂದು ಪಾಲು. ಕೆನಡಾ, ತೈವಾನ್, ಅಮೆರಿಕದಂಥ ದೇಶಗಳಲ್ಲಿ ನಡೆದ ಅಧ್ಯಯನಗಳು ಒಂದು ವಿಚಿತ್ರ ವಿಷಯ ಕಂಡುಕೊಂಡಿವೆ. ಚಂಚಲತೆಯ ತೊಂದರೆ ಇದೆ ಅಂತ ಹಣೆಪಟ್ಟಿ ಬೀಳುವುದು ತರಗತಿಯ ಅತಿ ಚಿಕ್ಕ ಮಕ್ಕಳಿಗೇ ಜಾಸ್ತಿ. ಅಂದರೆ ಅವರಲ್ಲಿ ಎಷ್ಟೋ ಮಕ್ಕಳ ತೊಂದರೆ ಹುಟ್ಟಿದ ತಿಂಗಳು ಅಷ್ಟೇ. ಫಿನ್‌ಲೆಂಡಿನಲ್ಲಿ ಒಂದನೇ ತರಗತಿ ಶುರುವಾಗುವುದೇ ಮಗುವಿಗೆ ಏಳು ತುಂಬುವ ವರ್ಷ. ನಿಮ್ಮ ಹಾಜರಿ ಪುಸ್ತಕದಲ್ಲಿ ಪ್ರತಿ ಮಗುವಿನ ಹುಟ್ಟಿದ ದಿನಾಂಕ ಇದ್ದೇ ಇರುತ್ತದೆ. ಹೆಸರು ಕೂಗಲು ತೆರೆಯುವ ಪುಸ್ತಕ ಅದು. ಮಗುವನ್ನು ಅಳೆಯುವ ಮೊದಲೂ ಒಮ್ಮೆ ತೆರೆಯಬಾರದೇ?

ಅಕ್ಷರ ತಿರುಗಿಸಿ ಬರೆಯುವುದೂ ಹಾಗೇ. ಐದು ಆರು ವರ್ಷದಲ್ಲಿ ಕನ್ನಡಿಯಲ್ಲಿ ಕಂಡ ಹಾಗೆ ಬರೆಯುವ ಮಕ್ಕಳು ಬಹಳ. ಹೆಚ್ಚಿನವರಲ್ಲಿ ಅದು ಬರೆಯುತ್ತಾ ಬರೆಯುತ್ತಾ ಬಿಟ್ಟುಹೋಗುತ್ತದೆ. ಮಣಿಕಟ್ಟಿನ 8 ಮೂಳೆಗಳೂ ಆ ವಯಸ್ಸಿಗೆ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಹೀಗಿರುವಾಗ ಒಂದೇ ಅಕ್ಷರವನ್ನು ಹತ್ತು ಪುಟ ಬರೆಸುವುದರಿಂದ ಏನು ಸಿಗುತ್ತದೆ? ಎಡಗೈಯಲ್ಲಿ ಬರೆಯುವ ಮಗುವಿಗೆ ಬಲಗೈ ಅಭ್ಯಾಸ ಮಾಡಿಸುವವರು ಇನ್ನೂ ಇದ್ದಾರೆ ಅಂದರೆ ನಂಬುತ್ತೀರಾ? ಅದು ಈ ಪತ್ರಕ್ಕೆ ಹಿಡಿಸುವ ಜಗಳ ಅಲ್ಲ, ಬಿಡುತ್ತೇನೆ.

ಬಿಡಲಾಗದ್ದು ಮೂರು ನಾಲ್ಕನೇ ತರಗತಿಯ ವಿಷಯ. ಅಲ್ಲಿಯವರೆಗೆ ಮಕ್ಕಳು ಓದಲು ಕಲಿಯುತ್ತಾರೆ. ಅಲ್ಲಿಂದ ಮುಂದೆ ಓದಿ ಕಲಿಯಬೇಕು. ವಿಜ್ಞಾನ, ಸಮಾಜ ಎಲ್ಲ ಪುಟಗಟ್ಟಲೆ ಬರುತ್ತದೆ. ಲೆಕ್ಕದಲ್ಲೂ ಬರೀ ಸಂಖ್ಯೆ ಇರುವುದಿಲ್ಲ, ಕಥೆಯ ಹಾಗೆ ನಾಲ್ಕು ಸಾಲು ಇರುತ್ತದೆ. ಒತ್ತಕ್ಷರ ಬಂದಲ್ಲೆಲ್ಲ ಮುಗ್ಗರಿಸುವ ಮಗು ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಏನಿತ್ತು ಅನ್ನುವುದನ್ನೇ ಮರೆತಿರುತ್ತದೆ. ದೊಡ್ಡವಳ ಗೆಳತಿಯೊಬ್ಬಳಿಗೆ ಆದದ್ದು ಇದೇ. ಮೂರು ವರ್ಷ ಚೆನ್ನಾಗಿ ಅಂಕ ಬಂದಿತ್ತು. ಕೇಳಿಸಿಕೊಂಡದ್ದನ್ನು ಬಾಯಿಪಾಠ ಮಾಡುವುದರಲ್ಲಿ ಅವಳು ಗಟ್ಟಿ. ನಾಲ್ಕರಲ್ಲಿ ಎಲ್ಲಾ ವಿಷಯದಲ್ಲೂ ಒಟ್ಟಿಗೆ ಬಿದ್ದಳು. ಅವಳಿಗೆ ಓದಲು ಬರುವುದಿಲ್ಲ ಅಂತ ಅವಳಮ್ಮನಿಗೆ ಗೊತ್ತಾದದ್ದು ಆಗಲೇ. ಎರಡನೇ ತರಗತಿಯ ಕೊನೆಗೆ ಯಾರಾದರೂ ಅವಳು ಹಿಂದೆಂದೂ ನೋಡದ ಒಂದು ಪುಟವನ್ನು ಮುಂದಿಟ್ಟು, ಪಕ್ಕದಲ್ಲಿ ಕೂತು ಓದಿಸಿದ್ದರೆ ಐದೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಅಂಕಪಟ್ಟಿ ಅದನ್ನು ಹೇಳಲಿಲ್ಲ.

ನಮ್ಮ ತಪ್ಪನ್ನೂ ಬರೆಯದಿದ್ದರೆ ಪತ್ರ ಸುಳ್ಳಾಗುತ್ತದೆ. ಸೇರಿಸುವಾಗ ನಾವು ಮುಚ್ಚಿಡುತ್ತೇವೆ. ಸೀಟು ಸಿಗದೇ ಹೋದೀತು ಅಂತ ಮಗು ತಡವಾಗಿ ಮಾತಾಡಿದ್ದನ್ನು ಹೇಳುವುದಿಲ್ಲ, ರಾತ್ರಿ ಹಾಸಿಗೆ ಒದ್ದೆಯಾಗುವುದನ್ನು ಹೇಳುವುದಿಲ್ಲ. ಮಗು ಗೇಟಿನಿಂದ ಹೊರಗೆ ಬರುತ್ತಿದ್ದ ಹಾಗೇ 'ಎಷ್ಟು ಬಂತು' ಅನ್ನುತ್ತೇವೆ, 'ಅವಳಿಗೆಷ್ಟು ಬಂತು' ಅಂತಲೂ ಕೇಳುತ್ತೇವೆ. ತಾಯಂದಿರ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬ ಟೀಚರ್ ಬಗ್ಗೆ ಏನೇನೋ ಮಾತಾಡುತ್ತೇವೆ, ಅವರ ಮುಖ ನೋಡಿ ಒಂದು ಮಾತು ಕೇಳುವುದಿಲ್ಲ. ನಿಮಗೆ ನಮ್ಮ ಮೇಲೆ ನಂಬಿಕೆ ಕಡಿಮೆಯಾಗಿದ್ದರೆ ಅದಕ್ಕೆ ಕಾರಣ ಇದೆ.

ಈಗ ಕೇಳಬೇಕಾದದ್ದನ್ನು ಕೇಳುತ್ತೇನೆ.

ಒಂದನೇ ತರಗತಿಗೆ ಬರುವ ಪ್ರತಿ ಮಗುವಿನ ಮನೆಯವರ ಜೊತೆ, ಶಾಲೆ ಶುರುವಾಗುವ ಮೊದಲು ಹದಿನೈದು ನಿಮಿಷ ಕೂತು ಮಾತಾಡಿ. ಸೀಟು ಖಾತ್ರಿಯಾದ ಮೇಲೆ ಮಾತಾಡಿ. ಆಗ ನಾವು ನಿಜ ಹೇಳುತ್ತೇವೆ. ಮಗುವಿಗೆ ಶೌಚಾಲಯ ಎಲ್ಲಿದೆ ಅಂತ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿ. ಬೋರ್ಡ್ ತೋರಿಸುವ ಮೊದಲು ಅದನ್ನು ತೋರಿಸಿ. ಕೇಳದೆಯೂ ಹೋಗಬಹುದು ಅನ್ನುವ ನಿಯಮ ಮಾಡಿದರೆ ಇನ್ನೂ ಒಳ್ಳೆಯದು.

ಮೊದಲ ವಾರಗಳಲ್ಲಿ ಅಪ್ಪ ಅಮ್ಮ ಮಗುವಿಗೆ ಹೇಳಿಯೇ ಹೊರಡಲಿ. ಕದ್ದು ಹೋಗಿ ಅಂತ ಯಾರೂ ಹೇಳಿಕೊಡಬಾರದು.

ವರ್ಷದ ಕೊನೆಗೆ ಪ್ರತಿ ಮಗುವಿನ ಬಗ್ಗೆ ಒಂದು ಹಾಳೆ ಬರೆಯಿರಿ. ಅಂಕ ಬೇಡ, ಅದು ಬೇರೆ ಕಡೆ ಇದೆ. ಸ್ವಭಾವದ ತೀರ್ಪೂ ಬೇಡ. ಏನು ಮಾಡಿದರೆ ಈ ಮಗುವಿಗೆ ನಡೆಯಿತು, ಏನು ಮಾಡಿದರೆ ನಡೆಯಲಿಲ್ಲ, ಅಷ್ಟು ಬರೆದರೆ ಸಾಕು. ಮೊದಲ ಬೆಂಚು, ಎರಡು ಬೆರಳು, ಜೋರಾಗಿ ಹೇಳಿದರೆ ಬೆದರುತ್ತಾಳೆ, ಚಿತ್ರ ಬರೆಯಲು ಬಿಟ್ಟರೆ ಕೂರುತ್ತಾನೆ, ಇಂಥ ಮಾತುಗಳು. ಮನೆಯವರಿಗೂ ಅದನ್ನು ತೋರಿಸಿ, ನಾವೂ ಎರಡು ಸಾಲು ಸೇರಿಸುತ್ತೇವೆ. ಇನ್ನೊಂದು ಕಾಗದದ ಕೆಲಸವಾ ಅಂತ ಟೀಚರ್‌ಗಳು ಸಿಟ್ಟಾಗಬಹುದು, ನ್ಯಾಯವೇ. ಆದ್ದರಿಂದ ಮುಖ್ಯೋಪಾಧ್ಯಾಯರಲ್ಲಿ ಒಂದು ಬೇಡಿಕೆ. ಈಗ ಅವರಿಂದ ತುಂಬಿಸುತ್ತಿರುವ, ಯಾರೂ ಓದದ ಎರಡು ಫಾರ್ಮ್‌ಗಳನ್ನು ಮೊದಲು ಕಿತ್ತುಹಾಕಿ. ಯಾವುವು ಅಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಆಮೇಲೆ ಹಳೆಯ ಟೀಚರ್, ಹೊಸ ಟೀಚರ್ ಎದುರುಬದುರು ಕೂರಲು ಅರ್ಧ ದಿನ ಕೊಡಿ.

ಮೀಟಿಂಗಿನಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ, ಹಿಂದಿನವರಿಗೆಲ್ಲ ಕೇಳಿಸುವ ಹಾಗೆ ಮಗುವಿನ ಕುಂದು ಓದಬೇಡಿ. ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡರೆ ಅದನ್ನೂ ಒಂದು ಮಾತು ಕೇಳಿ. ವಿಶ್ವಸಂಸ್ಥೆ 1989ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ತನಗೆ ಸಂಬಂಧಪಟ್ಟ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ ಅನ್ನುತ್ತದೆ. ನನ್ನ ಮಗನನ್ನು ಆ ವರ್ಷ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ವೈದ್ಯರು ಕೇಳಿದರು. 'ಟೀಚರ್ ಹೇಳೋದು ನಿನಗೆ ಕೇಳಿಸುತ್ತಾ?' ಅಂದಾಗ ಅವನು, 'ಮುಖ ಈ ಕಡೆ ಇದ್ದಾಗ ಕೇಳಿಸುತ್ತೆ' ಅಂದ.

ಎರಡನೇ ತರಗತಿ ಮುಗಿಯುವ ಮೊದಲು ಪ್ರತಿ ಮಗುವಿನಿಂದಲೂ ಒಂದು ಹೊಸ ಪುಟ ಓದಿಸಿ ನೋಡಿ. ಕಣ್ಣು, ಕಿವಿಯ ಪರೀಕ್ಷೆ ಆಗಿದೆಯಾ ಅಂತ ನಮ್ಮನ್ನು ಕೇಳಿ. ಇಲ್ಲ ಅಂದರೆ, ಗಮನ ಇಲ್ಲ ಅಂತ ಬರೆಯುವ ಮೊದಲು ಅದನ್ನು ಮಾಡಿಸಿ ಅಂತ ಬರೆಯಿರಿ.

ಹೊಸ ವರ್ಷಕ್ಕೆ ನನ್ನ ಮಗ ಮೂರನೇ ತರಗತಿಯ ಕೋಣೆಗೆ ಹೋಗುತ್ತಾನೆ. ನೀವು ಹಾಳೆ ಬರೆಯುವವರೆಗೆ ಕಾಯುವ ಧೈರ್ಯ ನನಗಿಲ್ಲ. ಹಾಗಾಗಿ ನಾನೇ ಒಂದು ಬರೆದಿಟ್ಟಿದ್ದೇನೆ. ಮೊದಲ ಸಾಲು 'ಹಿಂದಿನಿಂದ ಕರೆದರೆ ಇವನಿಗೆ ಒಮ್ಮೊಮ್ಮೆ ಕೇಳಿಸುವುದಿಲ್ಲ.' ಕೊನೆಯ ಸಾಲನ್ನು ಅವನೇ ಹೇಳಿ ಬರೆಸಿದ್ದಾನೆ, 'ನಂಗೆ ಜೋಕ್ ಹೇಳಕ್ಕೆ ಬರುತ್ತೆ.' ಶಾಲೆ ತೆರೆಯುವ ದಿನ ತರುತ್ತೇನೆ. ಯಾರ ಕೈಗೆ ಕೊಡಬೇಕು ಅಂತ ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಇಬ್ಬರು ಮಕ್ಕಳ ತಾಯಿ